ಐದಡಿ ಕೋಲು

ನನ್ನ ಬೈಕಿಗೆ ಯಾವಾಗಲೂ ಒಂದು ಕೋಲು ಕಟ್ಟಿರುತ್ತದೆ. ಸಿಲ್ವರ್ ಓಕ್ ಕೊಂಬೆ. ಸಿಪ್ಪೆ ಕೆತ್ತಿ ತುದಿಗೆ ಕೆಂಪು ಬಟ್ಟೆ ಸುತ್ತಿದ್ದೇನೆ. ಆಲ್ದೂರಿನ ಹೋಟೆಲ್ಲಿನಲ್ಲಿ ಟೀ ಕುಡಿಯುವಾಗ "ಏನ್ ಸಾರ್, ಆನೆ ಓಡಿಸೋಕಾ?" ಅಂತ ಕೇಳಿದವರಿದ್ದಾರೆ. ನಮ್ಮ ಕಡೆ ಆನೆ ಕಾಟ ಇರೋದು ನಿಜವೇ. ಆದರೆ ಈ ಕೋಲು ಇರೋದು ಧರೆ ಅಳೆಯೋಕೆ. ಧರೆ ಅಂದರೆ ಇಳಿಜಾರು ಕಡಿದಾಗ ನಿಲ್ಲುವ ಮಣ್ಣಿನ ಗೋಡೆ.

ನಾನು ಸೈಟ್ ಸೂಪರ್‌ವೈಸರ್. ಹಾಸನದಲ್ಲಿ ಸಿವಿಲ್ ಡಿಪ್ಲೊಮಾ ಮುಗಿಸಿದವನು ಹದಿನೇಳು ವರ್ಷದಿಂದ ಚಿಕ್ಕಮಗಳೂರಿನ ಸುತ್ತಮುತ್ತ ಮನೆ, ಹೋಂಸ್ಟೇ, ಎಸ್ಟೇಟ್ ಗೋಡೌನು, ಲೈನ್ ಮನೆ ಕಟ್ಟಿಸುತ್ತಿದ್ದೇನೆ. ದೊಡ್ಡ ಕಂಪನಿಗಳ ಸೈಟಿನಲ್ಲಿ ಸೇಫ್ಟಿ ಆಫೀಸರ್ ಅಂತಲೇ ಒಬ್ಬರು ಇರುತ್ತಾರೆ. ನಮ್ಮ ಸೈಟಿನಲ್ಲಿ ಇರೋದು ಹನ್ನೆರಡು ಆಳು, ಒಬ್ಬ ಮೇಸ್ತ್ರಿ, ಒಂದು ನಾಯಿ. ಅಪರಿಚಿತರು ಬಂದರೆ ಬೊಗಳುವಷ್ಟು ಸೇಫ್ಟಿಯನ್ನು ನಾಯಿ ನೋಡಿಕೊಳ್ಳುತ್ತದೆ. ಉಳಿದದ್ದು ನನ್ನ ಪಾಲು.

ಏಳು ವರ್ಷದ ಹಿಂದಿನ ಮಾತು. ಆಲ್ದೂರಿನಿಂದ ಒಳಗೆ ಒಂದು ತೋಟದಲ್ಲಿ ಹೋಂಸ್ಟೇ ಕೆಲಸ. ಇಳಿಜಾರು ಜಾಗ. ದಸರಾ ರಜೆಗೆ ಗೆಸ್ಟುಗಳು ಬರಬೇಕು ಅಂತ ಯಜಮಾನರಿಗೆ ಆತುರ. ಜೆಸಿಬಿಯಲ್ಲಿ ಧರೆ ಕಡಿದು ಮಟ್ಟ ಮಾಡಿದ್ದೆವು. ಹನ್ನೆರಡು ಅಡಿ ಎತ್ತರ, ನೆಟ್ಟಗೆ, ಬೆಣ್ಣೆ ಕತ್ತರಿಸಿದ ಹಾಗೆ. ಸ್ವಲ್ಪ ಓರೆ ಮಾಡಿ ಕಡಿಯೋಣ ಅಂದಿದ್ದೆ. "ಓರೆ ಮಾಡಿದ್ರೆ ಮೇಲೆ ಎರಡು ಸಾಲು ಅರೇಬಿಕಾ ಹೋಗುತ್ತಲ್ಲ ಮಾರಾಯ" ಅಂದರು. ನಾನು ಜಾಸ್ತಿ ವಾದ ಮಾಡಲಿಲ್ಲ. ಇದನ್ನು ಇಲ್ಲಿ ಬರೆಯಲೇಬೇಕು. ತಪ್ಪು ಅವರೊಬ್ಬರದೇ ಅಲ್ಲ.

ಬೇಸಿಗೆಯಲ್ಲಿ ನಮ್ಮ ಕೆಮ್ಮಣ್ಣು ಗೋಡೆ ತರ ನಿಲ್ಲುತ್ತದೆ. ಪಿಕಾಸಿ ಹಾಕಿದರೆ ಟಣ್ ಅನ್ನುತ್ತದೆ. ಮೋಸ ಹೋಗುವುದೇ ಅಲ್ಲಿ. ಅದೇ ಮಣ್ಣು ನೀರು ಕುಡಿದರೆ ಭಾರ ಹೆಚ್ಚುತ್ತದೆ, ಹಿಡಿತ ಬಿಡುತ್ತದೆ. ನಮ್ಮ ಧರೆಯ ಮೇಲೆ ಕಾಫಿ ಸಾಲುಗಳ ಮಧ್ಯೆ ತೊಟ್ಟಿಲು ಗುಂಡಿಗಳಿದ್ದವು. ಮಳೆ ನೀರು ಓಡಿಹೋಗದೆ ತೋಟದಲ್ಲೇ ಇಂಗಲಿ ಅಂತ ತೆಗೆಯುವ ಗುಂಡಿಗಳು. ತೋಟಕ್ಕೆ ಒಳ್ಳೆಯದೇ. ಆದರೆ ಪುನರ್ವಸು ಮಳೆ ಒಂದು ವಾರ ಹಿಡಿದಾಗ ಅಷ್ಟೂ ನೀರು ಇಂಗಿದ್ದು ನಮ್ಮ ಧರೆಯ ಬೆನ್ನಿಗೆ. ಸಾಲದ್ದಕ್ಕೆ ಅಗೆದ ಮಣ್ಣನ್ನೂ ನಾವು ಅಂಚಿನ ಮೇಲೇ ಗುಡ್ಡೆ ಹಾಕಿದ್ದೆವು. ದೂರ ಸಾಗಿಸಿದರೆ ಟ್ರ್ಯಾಕ್ಟರ್ ಬಾಡಿಗೆ ಅಲ್ವಾ.

ಬೆಳಿಗ್ಗೆ ಮಳೆ ಬಿಟ್ಟಿತ್ತು. ಧರೆಯ ಬುಡದಲ್ಲಿ ತಡೆಗೋಡೆಗೆ ಪಾಯ ತೆಗೆಯಬೇಕಿತ್ತು. ಮೇಲೆ ಹತ್ತಿ ನೋಡಿದೆ. ಅಂಚಿನಿಂದ ಎರಡಡಿ ಹಿಂದೆ, ಅಂಚಿಗೆ ಸಮನಾಗಿ, ಉದ್ದಕ್ಕೆ ಒಂದು ಬಿರುಕು. ಹೆಬ್ಬೆರಳು ಇಳಿಯುವಷ್ಟು. ಮೇಸ್ತ್ರಿಯನ್ನು ಕರೆದು ತೋರಿಸಿದೆ. ಯಾದಗಿರಿ ಕಡೆಯವರು, ನನಗಿಂತ ಹಿರಿಯರು. "ಏನ್ ಆಗಂಗಿಲ್ಲ ತಗೋರಿ ಸಾಹೇಬ್ರ, ನಾವ್ ಬಾವಿ ತೋಡಿದ ಮಂದಿ" ಅಂದರು. ಮಧ್ಯಾಹ್ನದೊಳಗೆ ಮುಗಿಸಿ ಮೇಲೆ ಬನ್ನಿ ಅಂತ ಹೇಳಿ ಕಂಬಿ ಲೆಕ್ಕಕ್ಕೆ ಹೋದೆ.

ಹತ್ತೂವರೆ ಇರಬಹುದು. ಶಬ್ದ ಜೋರಾಗಿ ಏನೂ ಬರಲಿಲ್ಲ. ಲಾರಿಯಿಂದ ಎಂ ಸ್ಯಾಂಡ್ ಸುರಿದ ಹಾಗೆ, ಅಷ್ಟೇ. ಓಡಿ ಬಂದರೆ ಒಬ್ಬ ಹುಡುಗ ಎದೆಯವರೆಗೆ ಮಣ್ಣಲ್ಲಿದ್ದ. ಪಕ್ಕದಲ್ಲಿದ್ದವನು ಹಾರಿ ತಪ್ಪಿಸಿಕೊಂಡಿದ್ದ.

ನಾವು ಮಾಡಿದ ಮೊದಲ ಕೆಲಸವೇ ತಪ್ಪು. ಇಬ್ಬರು ಅವನ ಎರಡೂ ಕೈ ಹಿಡಿದು ಎಳೆದರು. ಅವನು ಕಿರುಚಿದ್ದು ಇನ್ನೂ ಕಿವಿಯಲ್ಲಿದೆ. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ನಿಗಿಂತ ಜಾಸ್ತಿ ತೂಗುತ್ತದೆ. ಮೂವತ್ತು ಮೂಟೆ ಸಿಮೆಂಟಿಗೂ ಮೇಲೆ. ಅಷ್ಟು ಭಾರದಡಿ ಸಿಕ್ಕ ಕಾಲನ್ನು ಎಳೆದು ಬಿಡಿಸೋಕೆ ಆಗಲ್ಲ. ಎದೆ ಹೂತವನಿಗೆ ಇನ್ನೂ ಕಷ್ಟ. ಉಸಿರು ಬಿಟ್ಟಾಗ ಎದೆ ತಗ್ಗುತ್ತದೆ, ಆ ಜಾಗಕ್ಕೆ ಮಣ್ಣು ಇಳಿಯುತ್ತದೆ, ಮತ್ತೆ ಉಸಿರು ಎಳೆಯೋಕೆ ಎದೆ ಅರಳಲ್ಲ. ಮುಖ ಮೇಲಿದ್ದರೂ ಉಸಿರು ಕಟ್ಟುತ್ತದೆ. ಜೆಸಿಬಿ ಡ್ರೈವರ್ ಬಕೆಟ್ ಹಾಕಲು ಬಂದ. ನಾನೇ ತಡೆದೆ. ಬಕೆಟ್ಟಿನ ಹಲ್ಲಿಗೆ ಯಾವುದು ಮಣ್ಣು, ಯಾವುದು ಕಾಲು ಗೊತ್ತಾಗುತ್ತದೆಯೇ? ಒಬ್ಬನನ್ನು ಧರೆ ನೋಡುತ್ತಾ ನಿಲ್ಲಿಸಿ, ಮೊದಲು ಎದೆಯ ಸುತ್ತ ಬಿಡಿಸಿ, ಬಾಂಡ್ಲಿ, ಕೈ, ಕರಣಿಯಲ್ಲಿ ಮಣ್ಣು ತೆಗೆದೆವು. 25 ನಿಮಿಷ ಹಿಡಿಯಿತು. 108 ಬರುವಷ್ಟರಲ್ಲಿ ಅವನು ಹೊರಗಿದ್ದ. ತೊಡೆ ಮೂಳೆ ಮುರಿದಿತ್ತು. ಜೀವ ಉಳಿಯಿತು.

ಅವನು ಹೆಲ್ಮೆಟ್ ಹಾಕಿದ್ದ. ನಮ್ಮ ಸೈಟಿನಲ್ಲಿ ಆ ದಿನ ಹೆಲ್ಮೆಟ್ ಹಾಕಿದ್ದವನು ಅವನೊಬ್ಬನೇ.

ಆಮೇಲೆ ನಾನು ಕೂತು ಓದಿದೆ. ನಾಚಿಕೆ ಅನ್ನಿಸಿತು, ಯಾಕೆಂದರೆ ಎಲ್ಲಾ ಮೊದಲೇ ಬರೆದಿಟ್ಟಿದ್ದಾರೆ. ಪಾಯ, ಗುಂಡಿ ಅಗೆಯುವ ಕೆಲಸದ ಸುರಕ್ಷತೆಗೆ ಅಂತಲೇ ಐಎಸ್ 3764 ಅನ್ನೋ ಭಾರತೀಯ ಮಾನಕ ಇದೆ. ಕೇಂದ್ರ ಲೋಕೋಪಯೋಗಿ ಇಲಾಖೆಯ ಗುತ್ತಿಗೆ ಕಾಗದಗಳಲ್ಲೂ ಸುರಕ್ಷತೆಯ ನಿಯಮಗಳಿವೆ. ಗುಂಡಿ ಒಂದೂವರೆ ಮೀಟರ್ ಮುಟ್ಟಿದರೆ ಗೋಡೆಯನ್ನು ಮೆಟ್ಟಿಲು ಮಾಡಿ ಹಿಂದಕ್ಕೆ ಕಡಿಯಬೇಕು, ಇಲ್ಲವೇ ಹಲಗೆ, ಮರ ಕೊಟ್ಟು ಆನಿಸಿ ನಿಲ್ಲಿಸಬೇಕು. ಅಗೆದ ಮಣ್ಣನ್ನು ಅಂಚಿನಿಂದ ಒಂದೂವರೆ ಮೀಟರ್ ದೂರ ಹಾಕಬೇಕು. ಗುಂಡಿ ಮೂರು ಮೀಟರಿಗಿಂತ ಆಳವಾದರೆ ಆಳದ ಅರ್ಧದಷ್ಟು ದೂರ. 1.2 ಮೀಟರ್ ಆಳಕ್ಕೇ ಏಣಿ ಇಡಬೇಕು.

ಒಂದೂವರೆ ಮೀಟರ್ ಅಂದರೆ ಹತ್ತಿರ ಹತ್ತಿರ ಐದಡಿ. ಆಳುಗಳಿಗೆ ಮೀಟರ್ ಲೆಕ್ಕ ಹೇಳಿ ಸುಮ್ನೆ ಗೊಂದಲ ಮಾಡೋದಕ್ಕಿಂತ ಒಂದು ಕೋಲು ಕಡಿದೆ. ಗುಂಡಿಯಲ್ಲಿ ಕೋಲು ನಿಲ್ಲಿಸಿದಾಗ ಕೆಂಪು ಬಟ್ಟೆ ಅಂಚಿನೊಳಗೆ ಮುಳುಗಿತೋ, ಕೆಲಸ ನಿಂತಿತು, ಮೊದಲು ಗೋಡೆ ಓರೆ ಆಗಬೇಕು. ಅದೇ ಕೋಲನ್ನು ಅಂಚಿನಿಂದ ಮಲಗಿಸಿದರೆ ಅದರಾಚೆಗೆ ಮಣ್ಣು ಹಾಕಬೇಕು. ಮರಳು, ಜಲ್ಲಿ, ಟ್ರ್ಯಾಕ್ಟರ್ ಎಲ್ಲಾ ಅದರಾಚೆಗೇ. ಹನ್ನೆರಡು ಅಡಿ ಧರೆಗೆ ಒಂದು ಕೋಲು ಸಾಲದು, ಅರ್ಧ ಆಳದ ಲೆಕ್ಕ ಹಿಡಿದರೆ ಆರಡಿ ಬೇಕು. ಅದನ್ನು ಬಿಡಿಸಿ ಹೇಳುವ ಬದಲು "ಎರಡು ಕೋಲು ಬಿಡಿ" ಅಂದುಬಿಡುತ್ತೇನೆ. ಜಾಸ್ತಿ ಆದರೆ ಯಾರಿಗೂ ನಷ್ಟವಿಲ್ಲ.

ಈಗ ಮಳೆ ಬಂದ ಮರುದಿನ ಧರೆ ಮೇಲೆ ಹತ್ತಿ ನೋಡದೆ ಯಾರನ್ನೂ ಇಳಿಸಲ್ಲ. ಬಿರುಕು ಕಂಡರೆ ಆ ದಿನ ಕಂಬಿ ಕೆಲಸ, ಇಲ್ಲವೇ ಕೂಲಿ ಕೊಟ್ಟು ರಜೆ. ಮೇಲಿನ ತೊಟ್ಟಿಲು ಗುಂಡಿಗಳ ನೀರನ್ನು ಪಕ್ಕಕ್ಕೆ ತಿರುಗಿಸಿಯೇ ಧರೆಗೆ ಕೈ ಹಾಕುವುದು. ತಡೆಗೋಡೆ ಕಟ್ಟಿದಾಗ ಹಿಂದಿನ ನೀರು ಹೊರಬರಲು ಪೈಪು ಬಿಡದಿದ್ದರೆ ಮೇಸ್ತ್ರಿ ಜೊತೆ ಜಗಳವೇ. ಯಜಮಾನರುಗಳಿಗೆ ಒಂದೇ ಮಾತು ಹೇಳುತ್ತೇನೆ: 2024ರ ಜುಲೈನಲ್ಲಿ ಸಕಲೇಶಪುರದ ಹತ್ತಿರ ಹೆದ್ದಾರಿಯ ಧರೆಯೇ ಜಾರಿತು, ನಿಮ್ಮದು ಯಾವ ಲೆಕ್ಕ? ಈ ಮಾತಿಗೆ ಅರೇಬಿಕಾ ಸಾಲು ಬಿಟ್ಟುಕೊಟ್ಟವರಿದ್ದಾರೆ. ಬಿಡದವರೂ ಇದ್ದಾರೆ. ಬಿಡದವರ ಕೆಲಸ ಎರಡು ಕೈಬಿಟ್ಟಿದ್ದೇನೆ. ಹೆಂಡತಿಗೆ ಆ ಎರಡು ತಿಂಗಳು ನೆನಪಿದೆ.

ಹೆಲ್ಮೆಟ್ ಬೇಡ ಅಂತಲ್ಲ. ಆದರೆ ಒಂದು ವಿಷಯ ಹೆಲ್ಮೆಟ್ ಬೋರ್ಡ್ ಬರೆಸುವವರಿಗೆ ಗೊತ್ತಿಲ್ಲ. ನಮ್ಮಲ್ಲಿ ಹೆಣ್ಣಾಳುಗಳು ತಲೆ ಮೇಲೆ ಸಿಂಬೆ ಇಟ್ಟು ಬಾಂಡ್ಲಿ ಹೊರುತ್ತಾರೆ. ಹೆಲ್ಮೆಟ್ ಮೇಲೆ ಸಿಂಬೆ ಕೂರಲ್ಲ. "ಇದನ್ನ ಎಲ್ಲಿ ಇಡ್ಲಿ ಅಣ್ಣಾ, ನೀವೇ ಹೇಳಿ" ಅಂತ ಒಬ್ಬಾಕೆ ಹೆಲ್ಮೆಟ್ ಕೈಗೆ ವಾಪಸ್ ಕೊಟ್ಟರು. ಉತ್ತರ ಇರಲಿಲ್ಲ. ಈಗ ಮೇಲಿನ ಅಂತಸ್ತಿಗೆ ಗಾರೆ ಸಾಗಿಸೋಕೆ ಸಣ್ಣ ಲಿಫ್ಟ್ ಬಾಡಿಗೆಗೆ ತರುತ್ತೇನೆ. ಸಾರುವೆ ಕೆಳಗೆ ಹಗ್ಗ ಕಟ್ಟಿ ಓಡಾಟ ಬಂದ್ ಮಾಡುತ್ತೇನೆ. ತಲೆ ಮೇಲೆ ಇಟ್ಟಿಗೆ ಬೀಳುವ ಜಾಗದಲ್ಲಿ ತಲೆಯೇ ಇಲ್ಲದಿದ್ದರೆ ಆಯಿತಲ್ಲ.

ಕರೆಂಟಿನದು ಇನ್ನೊಂದು. ಸಾಕೆಟ್ಟಿಗೆ ಬರಿ ವೈರು ತೂರಿಸಿ ಬೆಂಕಿಕಡ್ಡಿ ಸಿಕ್ಕಿಸುವುದು ನಮ್ಮ ರಾಜ್ಯದ ಎಲ್ಲಾ ಸೈಟಿನಲ್ಲೂ ನಡೆಯುತ್ತದೇನೋ. ಹೊರಗೆ ಜಡಿಮಳೆ, ಕೆಳಗೆ ಕೆಸರು, ಕೈಯಲ್ಲಿ ಕಾಂಕ್ರೀಟ್ ವೈಬ್ರೇಟರ್. ನನ್ನದೊಂದು ಮರದ ಪೆಟ್ಟಿಗೆ ಇದೆ. ಅದರೊಳಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್), ಎರಡು ಸಾಕೆಟ್, ನಾಲ್ಕು ಪ್ಲಗ್. ಸೈಟಿನಿಂದ ಸೈಟಿಗೆ ನನ್ನ ಜೊತೆಗೇ ಬರುತ್ತದೆ. ಬೆಳಿಗ್ಗೆ ಅದರ ಟೆಸ್ಟ್ ಬಟನ್ ಒತ್ತಿ ಟಕ್ ಅಂತ ಬಿದ್ದರೆ ಮಾತ್ರ ಮಿಕ್ಸರ್ ಶುರು.

ಮಣ್ಣಲ್ಲಿ ಸಿಕ್ಕಿದ್ದ ಆ ಹುಡುಗನ ಬಳಿ ಕಾರ್ಮಿಕರ ಕಾರ್ಡ್ ಇರಲಿಲ್ಲ. ಕಟ್ಟಡ ಕಾರ್ಮಿಕರ ಕಾಯ್ದೆ ಬಂದದ್ದು 1996ರಲ್ಲಿ, ನಮ್ಮ ರಾಜ್ಯದ ಕಲ್ಯಾಣ ಮಂಡಳಿ 2007ರಲ್ಲಿ. ಕಟ್ಟಡದ ವೆಚ್ಚದಲ್ಲಿ ಶೇಕಡಾ 1 ಸೆಸ್ ಅಂತ ಮಂಡಳಿಗೆ ಹೋಗುತ್ತದೆ. ಹದಿನೆಂಟರಿಂದ ಅರವತ್ತರೊಳಗಿನವರು, ಹಿಂದಿನ ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ನೋಂದಣಿ ಮಾಡಿಸಬಹುದು. ಆ 90 ದಿನಕ್ಕೆ ಸಹಿ ಹಾಕಬೇಕಾದವರು ನಮ್ಮಂಥವರು. ನನ್ನನ್ನು ಯಾರೂ ಕೇಳಿರಲಿಲ್ಲ, ನಾನೂ ಹಾಕಿರಲಿಲ್ಲ. ಆಸ್ಪತ್ರೆ ಖರ್ಚಿಗೆ ಯಜಮಾನರು ಅರ್ಧ, ಕಂಟ್ರ್ಯಾಕ್ಟರ್ ಕಾಲು, ಉಳಿದದ್ದು ಆಳುಗಳೇ ಶನಿವಾರದ ಬಟವಾಡೆಯಲ್ಲಿ ಹಾಕಿಕೊಂಡರು. ದಿನಗೂಲಿಯವರು ಕೊಟ್ಟ ಆ ದುಡ್ಡು ನೆನೆದರೆ ಇವತ್ತಿಗೂ ತಲೆ ತಗ್ಗುತ್ತದೆ. ಈಗ ಸಹಿ ಬೇಕು ಅಂತ ಬಂದವರಿಗೆ ಟೀ ಕೊಡಿಸಿ ಹಾಕಿಕೊಡುತ್ತೇನೆ. ನನ್ನ ಹತ್ತಿರ ಕೆಲಸ ಮಾಡಿದವರಿಗೆ ಮಾತ್ರ.

ಹುಡುಗ ಈಗ ಊರಲ್ಲಿದ್ದಾನೆ. ಕುಂಟುತ್ತಾನೆ, ಆದರೆ ಆಟೊ ಓಡಿಸುತ್ತಾನೆ. ಆಯುಧಪೂಜೆ ದಿನ ಫೋನ್ ಮಾಡಿ "ಕೋಲಿಗೆ ಪೂಜಿ ಮಾಡಿದ್ರೇನ್ರಿ ಸರ" ಅಂತ ನಗುತ್ತಾನೆ.

ಹೋದ ಸೋಮವಾರ ಮಲ್ಲಂದೂರು ರಸ್ತೆಯ ಸೈಟಿಗೆ ಹೋದರೆ ಕೋಲೇ ಇಲ್ಲ. ಶನಿವಾರ ಅಲ್ಲೇ ಬಿಟ್ಟು ಬಂದಿದ್ದೆ. ಶೆಡ್ಡಿನ ಒಲೆ ನೋಡಿದೆ. ಕೆಂಪು ಬಟ್ಟೆ ಮಾತ್ರ ಪಕ್ಕಕ್ಕೆ ಬಿದ್ದಿತ್ತು. ಭಾನುವಾರ ಕೋಳಿ ಸಾರು ಮಾಡಿದ್ದರಂತೆ, ಸೌದೆ ಒದ್ದೆಯಾಗಿತ್ತಂತೆ. ಬೈಯುವ ಮೊದಲೇ ಹೊಸ ಹುಡುಗನೊಬ್ಬ ಮಚ್ಚು ಹಿಡಿದು ಹೋಗಿ ಇನ್ನೊಂದು ಕಡಿದು ತಂದ. ನುಣ್ಣಗೆ ಕೆತ್ತಿ, ಬಟ್ಟೆ ಕೂಡ ಸುತ್ತಿದ್ದ. ಟೇಪ್ ಹಿಡಿದು ನೋಡಿದೆ. ನಾಲ್ಕೂಮುಕ್ಕಾಲು ಅಡಿ.

ಇನ್ನೊಂದು ಕಡಿ ಅಂತ ವಾಪಸ್ ಕಳಿಸಿದೆ. ಅದು ಬರುವವರೆಗೆ ಯಾರೂ ಗುಂಡಿಗೆ ಇಳಿಯಲಿಲ್ಲ.