ಫೋಟೋದಲ್ಲಿ ಇಲ್ಲದ ಹುಡುಗಿ

ತಂಗಿ ಇವತ್ತು ಗೆಳತಿಯರ ಜೊತೆ ದುರ್ಗದ ಕೋಟೆ ಹತ್ತಿ ಬಂದಳು. ಒಂಬತ್ತನೇ ಕ್ಲಾಸು. ಬಂದವಳೇ ಫೋನ್ ಕೈಗಿಟ್ಟಳು. "ನೋಡು ಅಕ್ಕಾ."

ಓಬವ್ವನ ಕಿಂಡಿ ಹತ್ತಿರ ಒಂದು ಗುಂಪು. ಏಕನಾಥೇಶ್ವರಿ ಗುಡಿ ಮುಂದೆ ಅದೇ ಗುಂಪು. ಜೊತೆಗೆ ಹೋಗಿದ್ದ ಒಬ್ಬ ಹುಡುಗಿ ಮಾತ್ರ ಎಲ್ಲೂ ಇಲ್ಲ. ಪ್ರತಿ ಸಲ ಫೋನ್ ಅವಳ ಕೈಗೇ ಕೊಡ್ತಾರಂತೆ, "ನೀನೇ ತೆಗಿ" ಅಂತ.

ಯಾರ ಶೂ ಹೊಸದು, ಯಾರ ಇಂಗ್ಲಿಷ್ ಚೆನ್ನಾಗಿದೆ, ಅದರ ಮೇಲೆ ಫೋಟೋದ ನಡುವೆ ಯಾರು ನಿಲ್ಲಬೇಕು ಅನ್ನೋದು ತೀರ್ಮಾನ ಆಗುತ್ತೆ. ಆ ವಯಸ್ಸಿಗೆ ಇದು ಸಣ್ಣ ನೋವಲ್ಲ. ದೊಡ್ಡವರು ಸುಮ್ನೆ "ಮಕ್ಕಳಾಟ" ಅಂದುಬಿಡ್ತೀವಿ.

ಅಕ್ಕತಂಗಿಯರ ಹೊಂಡದ ಹತ್ತಿರ ತೆಗೆದ ಫೋಟೋದಲ್ಲಿ ಮಾತ್ರ ಇಬ್ಬರೇ. ನನ್ನ ತಂಗಿ, ಆ ಹುಡುಗಿ. ಗಾಳಿಗೆ ಕೂದಲೆಲ್ಲ ಮುಖದ ಮೇಲೆ. ಅರ್ಧ ಹಣೆ ಕಟ್ ಆಗಿದೆ. ಇಬ್ಬರೂ ಬಾಯಿ ತುಂಬಾ ನಗ್ತಿದ್ದಾರೆ.

"ಇವಳ ಜೊತೆ ಇದ್ರೆ ಏನು ಮಾತಾಡಬೇಕು ಅಂತ ಮೊದಲೇ ಯೋಚನೆ ಮಾಡೋದೇ ಬೇಡ ಅಕ್ಕಾ" ಅಂದಳು.

ಒನಕೆ ಹಿಡಿದು ನಿಂತ ಓಬವ್ವನ ಧೈರ್ಯ ನಮ್ಮೂರಲ್ಲಿ ಎಲ್ಲರಿಗೂ ಗೊತ್ತು. ಗುಂಪು ಬಿಟ್ಟು ಒಬ್ಬಳ ಪಕ್ಕ ಹೋಗಿ ನಿಲ್ಲೋದಕ್ಕೂ ಧೈರ್ಯ ಬೇಕು, ಅಲ್ವಾ?

ನಾಳೆ ಆ ಗುಂಪು ಮಾತು ಬಿಡಬಹುದು. ಅದು ಅವಳಿಗೂ ಗೊತ್ತು. ಕ್ಲಾಸಲ್ಲಿ ಎಲ್ಲಿ ಕೂರ್ತೀಯ ಅಂತ ಕೇಳಿದೆ.

"ಅವಳ ಬೆಂಚಲ್ಲಿ ಜಾಗ ಇದೆ" ಅಂದಳು.