ಆಲಿಸ್ ಸ್ಪ್ರಿಂಗ್ಸ್‌ಗೆ ಹೋದರೆ ಗೊಂಬೆ ಮಾಡುವ ಹೆಂಗಸರನ್ನು ನೋಡಿ ಬನ್ನಿ

ಆಸ್ಟ್ರೇಲಿಯಾದ ನಡುವಿನ ಮರುಭೂಮಿಯ ಊರು ಆಲಿಸ್ ಸ್ಪ್ರಿಂಗ್ಸ್‌ಗೆ ಹೋದವರು ಹೆಚ್ಚಾಗಿ ಮರುದಿನವೇ ಉಲುರು ಬಂಡೆಯ ಕಡೆ ಹೊರಟುಬಿಡುತ್ತಾರೆ. ಅದು ಸುಮಾರು 450 ಕಿಲೋಮೀಟರ್ ದಾರಿ. ನಾವು ಊರಲ್ಲೇ ಮೂರು ದಿನ ಉಳಿದೆವು. ಕಾರಣ ಒಣಹುಲ್ಲು ಮತ್ತು ಹಳೇ ಕಂಬಳಿ.

ಹುಲ್ಲಿನ ಕೆಲಸ ಜಂಪಿ ಡೆಸರ್ಟ್ ವೀವರ್ಸ್ ಅವರದು. ಅಲ್ಲಿನ ಮೂಲನಿವಾಸಿಗಳ ಪಿಟ್ಜಂಟ್‌ಜಾರ ಭಾಷೆಯಲ್ಲಿ ಜಂಪಿ ಅಂದರೆ ಹುಲ್ಲು. ಮರುಭೂಮಿಯ ಹೆಂಗಸರು ತಮ್ಮ ಊರಲ್ಲೇ ಇದ್ದು ನಾಲ್ಕು ಕಾಸು ದುಡಿಯಲಿ ಎಂದು ಅವರದೇ ಮಹಿಳಾ ಮಂಡಳಿ 1995ರಲ್ಲಿ ಬುಟ್ಟಿ ಹೆಣೆಯುವ ಕಾರ್ಯಾಗಾರ ಶುರುಮಾಡಿತು. ಬುಟ್ಟಿಯಿಂದ ನಾಯಿ, ಹಕ್ಕಿ, ಗೊಂಬೆಗಳವರೆಗೆ ಕೈ ಬೆಳೆಯಿತು. 2005ರಲ್ಲಿ ಪಾಪುಲಂಕುಟ್ಜ ಹಳ್ಳಿಯವರು ಹುಲ್ಲಿನಲ್ಲೇ ಟೊಯೊಟಾ ಗಾಡಿ ಹೆಣೆದು ದೇಶದ ದೊಡ್ಡ ಮೂಲನಿವಾಸಿ ಕಲಾ ಪ್ರಶಸ್ತಿ ಗೆದ್ದರು!

ಅವರ ಕಾರ್ಯಾಗಾರದಲ್ಲಿ ನಾವೂ ಕೂತೆವು. ಕಲಿಸುವ ಅಜ್ಜಿ ಹೆಚ್ಚು ಮಾತಾಡಲಿಲ್ಲ. ಹೆಬ್ಬೆರಳು ಗಾತ್ರದ ಹುಲ್ಲಿನ ಕಂತೆ ಹಿಡಿದು, ರಾಫಿಯಾ ನಾರು ಸುತ್ತಿ, ದಪ್ಪ ಸೂಜಿ ಚುಚ್ಚಿ ಎಳೆದರು. ನನ್ನ ಹೊಲಿಗೆ ಸಡಿಲವಾಗಿತ್ತು. ಸುಮ್ನೆ ಕೈಯಿಂದ ತೆಗೆದುಕೊಂಡು ನಾಲ್ಕು ಹೊಲಿಗೆ ಬಿಚ್ಚಿ ವಾಪಸ್ ಕೊಟ್ಟರು. ಎರಡು ಗಂಟೆಯಲ್ಲಿ ನನ್ನದು ಅಂಗೈಯಗಲ ಆಯಿತು, ಅಷ್ಟೇ. ಬುಟ್ಟಿಯ ಬೆಲೆ ಜಾಸ್ತಿ ಅಂತ ಆಮೇಲೆ ನನಗೆ ಅನಿಸಲೇ ಇಲ್ಲ.

ಕಂಬಳಿ ಗೊಂಬೆಗಳು ಯರೆಂಟಿ ಆಲ್ಟರೆ ಕಲಾ ಕೇಂದ್ರದವು. ಹಳೇ ಉಣ್ಣೆ ಕಂಬಳಿಗೆ ಗಿಡದ ಎಲೆ, ಟೀ, ತುಕ್ಕು ಹಿಡಿದ ಕಬ್ಬಿಣದಿಂದ ಬಣ್ಣ ಕಟ್ಟುತ್ತಾರೆ. ಅದರ ಮೇಲೆ ಬಣ್ಣದ ನೂಲಿನ ಕಸೂತಿ. ನಮ್ಮ ಕಡೆ ಹಳೇ ಸೀರೆಗಳು ಕೌದಿ ಆಗೋದು ನೆನಪಾಯಿತು. ಬಟ್ಟೆ ಹಳೆಯದಾದರೂ ಕೈ ಬಿಡಲ್ಲ, ಅಲ್ವಾ?

ಹೋಗುವವರು ಮೊದಲು ಕಾರ್ಯಾಗಾರದ ದಿನ ಕೇಳಿ, ಆಮೇಲೆ ಟಿಕೆಟ್ ಮಾಡಿಸಿ. ದಿನವೂ ಇರುವುದಿಲ್ಲ. ಯರೆಂಟಿ ಆಲ್ಟರೆ ಇರುವುದು ಜನ ವಾಸಿಸುವ ಕೇರಿಯೊಳಗೆ, ಫೋನ್ ಮಾಡದೆ ನುಗ್ಗಬೇಡಿ. ಸಮುದಾಯದಲ್ಲಿ ಸಾವಾದರೆ ಕೇಂದ್ರ ಮುಚ್ಚಬಹುದು, ಅದಕ್ಕೇ ಒಂದು ದಿನ ಕೈಯಲ್ಲಿಟ್ಟುಕೊಳ್ಳಿ. ಕೇಳದೆ ಫೋಟೋ ಬೇಡವೇ ಬೇಡ. ಮೇ ತಿಂಗಳಿಂದ ಸೆಪ್ಟೆಂಬರ್ ಒಳ್ಳೆಯದು, ಆದರೆ ಜುಲೈ ರಾತ್ರಿ ಸೊನ್ನೆ ಡಿಗ್ರಿಗಿಂತ ಕೆಳಗೂ ಇಳಿಯುತ್ತದೆ, ಸ್ವೆಟರ್ ಇರಲಿ. ಸೆಪ್ಟೆಂಬರ್‌ನಲ್ಲಿ ಡೆಸರ್ಟ್ ಮಾಬ್ ಪ್ರದರ್ಶನಕ್ಕೆ ಮರುಭೂಮಿಯ ಹತ್ತಾರು ಕಲಾ ಕೇಂದ್ರಗಳ ಕೆಲಸ ಒಂದೇ ಕಡೆ ಬರುತ್ತದೆ.

ಒಂದು ಅಂಗಡಿಯಲ್ಲಿ ನಾನು ಮೊದಲ ದಿನವೇ ಅವಸರದಲ್ಲಿ ಗೊಂಬೆ ಕೊಂಡೆ. ರೂಮಿಗೆ ಬಂದು ನೋಡಿದರೆ ಬೇರೆ ದೇಶದಲ್ಲಿ ಮಾಡಿದ್ದು. ತುಂಬಾ ಬೇಜಾರಾಯಿತು. ಮಾಡಿದವರ ಹೆಸರು, ಊರು ಬರೆದ ಚೀಟಿ ಇದೆಯಾ ಅಂತ ಕೇಳಿ, ಇದ್ದರೆ ಮಾತ್ರ ದುಡ್ಡು ಕೊಡಿ.