ಪ್ರೆಸ್ಸಿನ ಮೇಲೆ ಹಿತ್ತಾಳೆ ಕೇಸ್ ಕತ್ತರಿಸುವಾಗ ಕಂಪನ ಮತ್ತು ಸದ್ದನ್ನು ತಗ್ಗಿಸುವ ಬಗೆ

ಬಂದೂಕಿನ ತೋಟಾಗಳನ್ನು ಮತ್ತೆ ತುಂಬಲು ಬಳಸುವ ರೀಲೋಡಿಂಗ್ ಪ್ರೆಸ್ಸಿನ ಮೇಲೆಯೇ ಮೋಟಾರ್ ಟ್ರಿಮ್ಮರ್ (ಕೇಸಿನ ಬಾಯನ್ನು ಕತ್ತರಿಸುವ ಸಾಧನ) ಕೂರಿಸಿ, ಒಮ್ಮೆ ಹಾರಿಸಿದ ತೋಟಾಗಳ ಕೇಸುಗಳ, ಅಂದರೆ ಹಿತ್ತಾಳೆ ಕವಚಗಳ, ಉದ್ದವನ್ನು ಸರಿಪಡಿಸುವವರನ್ನು ಎಲ್ಲಕ್ಕಿಂತ ಮೊದಲು ಕಾಡುವುದು ಅದರ ಸದ್ದು. ಆ ಸದ್ದನ್ನು ಅಡಗಿಸಲು ಹೊರಡುವ ಮುನ್ನ ಅದು ಎಲ್ಲಿ ಹುಟ್ಟುತ್ತಿದೆ ಎಂದು ಗಮನಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಏಕೆಂದರೆ ಕತ್ತರಿಸುವಾಗ ಕೇಳುವ ಕರ್ಕಶ ಸದ್ದಿನ ಹಿಂದೆ ಹೆಚ್ಚಾಗಿ ಯಾವುದಾದರೊಂದು ಸಡಿಲ ಭಾಗವಿರುತ್ತದೆ, ಮತ್ತು ಅದೇ ಸಡಿಲಿಕೆ ಕೇಸುಗಳ ಉದ್ದದಲ್ಲಿ ಏರುಪೇರನ್ನೂ ಅವುಗಳ ಬಾಯಂಚಿನಲ್ಲಿ ಅಲೆಯಂಥ ಗುರುತುಗಳನ್ನೂ ಉಂಟುಮಾಡುತ್ತದೆ. .223 ರೆಮಿಂಗ್ಟನ್ ಎಂಬ ರೈಫಲ್ ತೋಟಾದ ಕೇಸಿನ ಗರಿಷ್ಠ ಉದ್ದ 1.760 ಇಂಚು, ಸಾಮಾನ್ಯವಾಗಿ ಕತ್ತರಿಸುವ ಅಳತೆ 1.750 ಇಂಚು. ನಡುವೆ ಇರುವುದು ಕಾಲು ಮಿಲಿಮೀಟರಿನಷ್ಟು ಅವಕಾಶ ಮಾತ್ರ.

ಕಟ್ಟರಿನ ಒಂದು ಹಲ್ಲು ಅಲುಗುತ್ತಾ ಕತ್ತರಿಸಿದರೆ ಲೋಹದ ಮೇಲೆ ಸಣ್ಣ ಏರಿಳಿತ ಉಳಿಯುತ್ತದೆ. ಮುಂದಿನ ಹಲ್ಲು ಆ ಏರಿಳಿತವನ್ನು ಹಾಯುವಾಗ ಅದರ ಮೇಲಿನ ಒತ್ತಡವೂ ಏರಿಳಿದು, ಅದು ಮತ್ತಷ್ಟು ಅಲುಗುತ್ತದೆ. ಹೀಗೆ ತನ್ನನ್ನು ತಾನೇ ಬೆಳೆಸಿಕೊಳ್ಳುವ ಈ ಕಂಪನವನ್ನು ಲೇತ್ ಕೆಲಸದವರು ಚ್ಯಾಟರ್ ಎನ್ನುತ್ತಾರೆ. ಕೇಸಿಗೆ ಬಳಸುವ ಹಿತ್ತಾಳೆಯಲ್ಲಿ ತಾಮ್ರ 70 ಭಾಗ, ಸತು 30 ಭಾಗ. ಹಿತ್ತಾಳೆಯ ಕೆಲಸದಲ್ಲಿ ಹಲ್ಲಿನ ಮುಖ ಮುಂದಕ್ಕೆ ಹೆಚ್ಚು ಬಾಗಿದ್ದರೆ ಅದು ಲೋಹವನ್ನು ಕಚ್ಚಿ ಎಳೆಯುವುದರಿಂದ, ಹೆಚ್ಚುಕಡಿಮೆ ನೇರ ಮುಖದ, ಹರಿತವಾದ ಕಾರ್ಬೈಡ್ ಕಟ್ಟರ್ ಒಳ್ಳೆಯದು. ಮೊಂಡಾದ ಕಟ್ಟರ್ ಕತ್ತರಿಸುವ ಬದಲು ಉಜ್ಜತೊಡಗಿ ಕೀರಲು ಸದ್ದು ಮಾಡುತ್ತದೆ. ಕೇಸನ್ನು ಕಟ್ಟರಿನತ್ತ ಏರಿಸುವ ಪ್ರೆಸ್ಸಿನ ಹಿಡಿಯನ್ನು ಅತಿ ನಿಧಾನವಾಗಿ ಎಳೆದಾಗಲೂ ಹೀಗೆಯೇ ಆಗುತ್ತದೆ, ಆದ್ದರಿಂದ ಹಿಡಿಯನ್ನು ಒಂದೇ ಸಮನಾಗಿ, ಹಿಂಜರಿಯದೆ ಎಳೆದು, ಕೊನೆಯಲ್ಲಿ ಕ್ಷಣಕಾಲ ನಿಲ್ಲಿಸಿ ಬಿಡುವುದು ಸರಿಯಾದ ಕ್ರಮ.

ಸಡಿಲಿಕೆಯನ್ನು ಹುಡುಕುವಾಗ ಕಟ್ಟರಿನಿಂದ ಆರಂಭಿಸಿ ಕೆಳಕ್ಕೆ ಬರುವುದು ನನ್ನ ರೂಢಿ. ಕೇಸು ಏರಿ ಹೊಕ್ಕುವ ಉಕ್ಕಿನ ಅಚ್ಚಾದ ಡೈಯ ಲಾಕ್ ರಿಂಗನ್ನು ಬಿಗಿಮಾಡುವಾಗ ಒಂದು ಕೇಸನ್ನು ಡೈಯೊಳಗೆ ಪೂರ್ತಿ ಏರಿಸಿಟ್ಟುಕೊಂಡರೆ ತಿರುಪಿನ ಸುತ್ತುಗಳ ನಡುವಿನ ಸಂದು ಒಂದೇ ಕಡೆಗೆ ಒತ್ತಿಕೊಂಡು ಡೈ ನೆಟ್ಟಗೆ ನಿಲ್ಲುತ್ತದೆ. ಬಿಚ್ಚಿ ಹಾಕಬಲ್ಲ ಟೂಲ್‌ಹೆಡ್ (ಡೈಗಳನ್ನು ಹಿಡಿದಿರುವ ತಟ್ಟೆ) ಇರುವ ಪ್ರೆಸ್ಸುಗಳಲ್ಲಿ ಅದು ತನ್ನ ತೋಡಿನಲ್ಲಿ ಸುಲಭವಾಗಿ ಸರಿಯಲೆಂದು ಸ್ವಲ್ಪ ಸಂದು ಬಿಟ್ಟಿರುತ್ತಾರೆ. ಕೇಸ್ ಏರುವಾಗಿನ ಒತ್ತಡಕ್ಕೆ ಟೂಲ್‌ಹೆಡ್ ಮೇಲೆದ್ದು, ಮೋಟಾರಿನ ಭಾರವೂ ಸೇರಿ, ಅಲ್ಲೇ ನಡುಗುತ್ತದೆ. ಇದನ್ನು ಬಿಗಿಹಿಡಿಯುವ ಕ್ಲಾಂಪ್ ತಿರುಪುಗಳನ್ನು ಹಾಕಿಸುವುದು, ನನ್ನ ದೃಷ್ಟಿಯಲ್ಲಿ, ಬೇರಾವ ಖರ್ಚಿಗಿಂತಲೂ ಸಾರ್ಥಕ. ಪಕ್ಕದ ಸ್ಟೇಷನ್ನುಗಳಲ್ಲಿ, ಅಂದರೆ ಬೇರೆ ಡೈಗಳ ಕೆಳಗಿನ ಸ್ಥಾನಗಳಲ್ಲಿ, ಕೇಸ್ ಇದ್ದಾಗ ಮತ್ತು ಇಲ್ಲದಿದ್ದಾಗ ಟೂಲ್‌ಹೆಡ್ ಏಳುವ ಪ್ರಮಾಣ ಬೇರೆಯಾಗುವುದರಿಂದ, ಎಲ್ಲ ಸ್ಟೇಷನ್ನುಗಳೂ ತುಂಬಿರುವಾಗಲೇ ಉದ್ದವನ್ನು ಹೊಂದಿಸಬೇಕೆಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ.

ಇನ್ನು ಬೆಂಚಿನ ವಿಷಯ. ತಂಬೂರಿಯ ತಂತಿಗೆ ಬುರುಡೆ ಹೇಗೋ, ಪ್ರೆಸ್ಸಿನ ಕಂಪನಕ್ಕೆ ತೆಳುವಾದ ಬೆಂಚಿನ ಹಲಗೆ ಹಾಗೆ: ಸಣ್ಣ ಕಂಪನವನ್ನು ತನ್ನ ಅಗಲದಿಂದ ದೊಡ್ಡ ಸದ್ದನ್ನಾಗಿ ಮಾಡುತ್ತದೆ. ಅನೇಕರು ಪ್ರೆಸ್ ಮತ್ತು ಬೆಂಚಿನ ನಡುವೆ ರಬ್ಬರ್ ಹಾಳೆ ಇಡುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಹಿಡಿ ಎಳೆದಾಗ ಪ್ರೆಸ್ಸೇ ಬಾಗುವಂತಾಗಿ, ಬೋಲ್ಟುಗಳು ದಿನಕಳೆದಂತೆ ಸಡಿಲಗೊಳ್ಳುತ್ತವೆ. ಪ್ರೆಸ್ಸನ್ನು ದಪ್ಪ ಉಕ್ಕಿನ ತಗಡಿನ ಮೂಲಕ ಬೆಂಚಿಗೆ ಬಿಗಿಯಾಗಿ ಬೋಲ್ಟ್ ಮಾಡಿ, ಎರಡು ಪ್ಲೈವುಡ್ ಹಲಗೆಗಳ ನಡುವೆ ಒಣಗಿದ ಮೇಲೂ ಮೆತ್ತಗೆ ಉಳಿಯುವ ಅಂಟನ್ನು ಹಚ್ಚಿ ಬೆಂಚಿನ ಮೇಲ್ಮೈಯನ್ನು ಮಾಡಿಕೊಂಡು, ಕೆಳಗಿನ ಅಡ್ಡಹಲಗೆಯ ಮೇಲೆ ಮರಳಿನ ಚೀಲಗಳನ್ನು ಹೇರಿ, ರಬ್ಬರನ್ನು ಬೆಂಚಿನ ಕಾಲುಗಳ ಕೆಳಗೆ ಇಟ್ಟರೆ ಗಟ್ಟಿತನವೂ ಉಳಿಯುತ್ತದೆ, ನೆಲಕ್ಕೆ ಹೋಗುವ ಕಂಪನವೂ ತಗ್ಗುತ್ತದೆ. ಬೆಂಚನ್ನು ಗೋಡೆಗೆ ಬಿಗಿದರೆ ಅಲುಗಾಟ ನಿಲ್ಲುತ್ತದೆ ನಿಜ, ಆದರೆ ಪಕ್ಕದ ಕೋಣೆಯವರಿಗೆ ಸದ್ದು ಚೆನ್ನಾಗಿಯೇ ಕೇಳಿಸುತ್ತದೆ.

ಇಷ್ಟಾದ ಮೇಲೆ ಉಳಿಯುವುದು ಮೋಟಾರಿನ ಗುಂಯ್ ಎನ್ನುವ ಸದ್ದು ಮತ್ತು ಹಿತ್ತಾಳೆ ಚೂರುಗಳನ್ನು ಹೀರುವ ವ್ಯಾಕ್ಯೂಮಿನ ಸದ್ದು. ಸಮಾನ ಜೋರಿನ ಎರಡು ಮೂಲಗಳಲ್ಲಿ ಒಂದನ್ನು ಪೂರ್ತಿ ನಿಲ್ಲಿಸಿದರೂ ಕಡಿಮೆಯಾಗುವುದು 3 ಡೆಸಿಬೆಲ್ ಮಾತ್ರ, ಆದ್ದರಿಂದ ಎರಡರಲ್ಲಿ ಯಾವುದು ಹೆಚ್ಚು ಜೋರೋ ಅದನ್ನೇ ಮೊದಲು ಹಿಡಿಯಬೇಕು. ವ್ಯಾಕ್ಯೂಮನ್ನು ಉದ್ದನೆಯ ಕೊಳವೆಯೊಂದಿಗೆ ಬೇರೆ ಕೋಣೆಯಲ್ಲಿಡುವುದು ಉತ್ತಮ. ಪೆಟ್ಟಿಗೆಯಲ್ಲಿಡುವುದಾದರೆ ಬಿಸಿಗಾಳಿ ಹೊರಹೋಗಲು ದಾರಿ ಬಿಡಬೇಕು. ಪ್ರೆಸ್ಸಿನ ಮೇಲಿನ ಮೋಟಾರಿಗೆ ಬಟ್ಟೆ, ಸ್ಪಂಜು ಸುತ್ತುವುದು ಬೇಡವೇ ಬೇಡ. ಸಿಡಿಮದ್ದು ಮತ್ತು ಅದನ್ನು ಹೊತ್ತಿಸುವ ಪ್ರೈಮರ್‌ಗಳನ್ನು ಈ ಕೆಲಸ ನಡೆಯುವ ಬೆಂಚಿನಿಂದ ದೂರವಿಡಿ.

ಅಮೆರಿಕದ ವೃತ್ತಿ ಆರೋಗ್ಯ ಸಂಸ್ಥೆ ನಿಯೋಷ್ ಶಿಫಾರಸು ಮಾಡುವ ಮಿತಿ 8 ಗಂಟೆಗೆ 85 ಡೆಸಿಬೆಲ್. ಪ್ರತಿ 3 ಡೆಸಿಬೆಲ್ ಏರಿಕೆಗೆ ಸಮಯ ಅರ್ಧಕ್ಕಿಳಿಯುತ್ತದೆ, ಅಂದರೆ 94 ಡೆಸಿಬೆಲ್‌ನಲ್ಲಿ 1 ಗಂಟೆ. ಒಮ್ಮೆಗೇ ಸಾವಿರಾರು ಕೇಸುಗಳನ್ನು ಕತ್ತರಿಸುವವರು ಬೆಂಚನ್ನು ಎಷ್ಟೇ ಚೆನ್ನಾಗಿ ಕಟ್ಟಿಕೊಂಡಿದ್ದರೂ ಕಿವಿಗೆ ಮಫ್ ಹಾಕಿಕೊಂಡೇ ಕುಳಿತುಕೊಳ್ಳಬೇಕು.